ಕಣ್ಣು ಹೋದವರ ಲೆಕ್ಕ ಯಾರ ಹತ್ತಿರ ಇದೆ?

ಸತ್ತವರ ಲೆಕ್ಕ ಇದೆ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಆನೇಕಲ್, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಎಲ್ಲ ಸೇರಿ 150ಕ್ಕೂ ಹೆಚ್ಚು ಜನ. 2019ರ ಫೆಬ್ರವರಿಯಲ್ಲಿ ಅಸ್ಸಾಮಿನ ಚಹಾತೋಟದ ಕೂಲಿಗಳು 150ಕ್ಕೂ ಹೆಚ್ಚು. 2022ರ ಡಿಸೆಂಬರಿನಲ್ಲಿ ಬಿಹಾರದ ಸಾರಣ್ ಜಿಲ್ಲೆಯಲ್ಲಿ 70ಕ್ಕೂ ಹೆಚ್ಚು. 2024ರ ಜೂನಿನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು. ಹೆಣಗಳನ್ನು ಸಾಲಾಗಿ ಮಲಗಿಸಿದ ಫೋಟೋ ಪೇಪರಿನಲ್ಲಿ ಬರುತ್ತದೆ. ಮಂತ್ರಿ ಬರುತ್ತಾನೆ, ಆಯೋಗ ಬರುತ್ತದೆ, ಒಂದಿಬ್ಬರು ಪೇದೆಗಳು ಸಸ್ಪೆಂಡ್ ಆಗುತ್ತಾರೆ. ಆಮೇಲೆ ಎಲ್ಲರೂ ಹೋಗುತ್ತಾರೆ.

ಅದೇ ರಾತ್ರಿ ಅದೇ ಕ್ಯಾನಿನಿಂದ ಕುಡಿದು ಸಾಯದೆ ಉಳಿದವರು ಕೇರಿಯಲ್ಲೇ ಇರುತ್ತಾರೆ, ಕಣ್ಣಿಲ್ಲದೆ. ಅವರು ಎಷ್ಟು ಜನ? ಯಾವ ಊರಿನವರು? ಈಗ ಏನು ತಿಂತಾರೆ? ಅವರನ್ನು ಯಾರು ಕೈಹಿಡಿದು ನಡೆಸ್ತಾರೆ? ಈ ಲೆಕ್ಕ ಯಾರ ಹತ್ತಿರ ಇದೆ, ಹೇಳಿ ಸ್ವಾಮಿ?

ನಮ್ಮ ದೊಡ್ಡಪ್ಪನ ವಿಷಯ ಹೇಳುತ್ತೇವೆ. ಗಾರೆ ಕೆಲಸದ ಕೂಲಿ. 2008ರಲ್ಲಿ ಆತನಿಗೆ ಇನ್ನೂ ಮೂವತ್ತೆಂಟು ದಾಟಿರಲಿಲ್ಲ, ನಾವಾಗ ಎರಡನೇ ಕ್ಲಾಸು. ಸಂಜೆ ಕುಡಿದು ಬಂದ, ಉಂಡ, ಮಲಗಿದ. ಮಾರನೇ ದಿನ ಮಧ್ಯಾಹ್ನ ಹೊಟ್ಟೆನೋವು, ವಾಂತಿ. ಸಂಜೆಗೆ 'ದೀಪ ಹಚ್ಚಿ' ಅಂದ. ದೀಪ ಉರೀತಾ ಇತ್ತು. ಪುಸ್ತಕಗಳಲ್ಲಿ ಇದನ್ನು ಹಿಮ ಸುರಿದ ಬಯಲಿನ ಹಾಗೆ ಕಾಣುತ್ತದೆ ಅಂತ ಬರೆದಿದ್ದಾರೆ. ದೊಡ್ಡಪ್ಪ ಹಿಮ ನೋಡಿದವನಲ್ಲ. 'ಹಸಿ ಸುಣ್ಣದ ಗೋಡೆಗೆ ಮುಖ ಒತ್ತಿಟ್ಟ ಹಂಗೆ ಆಯ್ತದೆ' ಅಂತ ಹೇಳಿದ. ಅವನ ಜೊತೆ ಕುಡಿದ ಇಬ್ಬರು ಸತ್ತರು. ಇವನು ಉಳಿದ. ಅವತ್ತಿನಿಂದ ಬಹಿರ್ದೆಸೆಗೂ, ನ್ಯಾಯಬೆಲೆ ಅಂಗಡಿಗೂ ಕೇರಿಯ ಮಕ್ಕಳಾದ ನಾವೇ ಅವನ ಕೋಲು.

ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ದೊಡ್ಡಮ್ಮ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಳು. ಹನ್ನೆರಡು ವರ್ಷ ಅದನ್ನು ಯಾರೂ ಓದಲಿಲ್ಲ. ಕೇರಿಯಿಂದ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲ ತಲೆಮಾರು ನಾವು. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ರಸಾಯನಶಾಸ್ತ್ರ ಓದುವಾಗ ಆ ಚೀಟಿ ನೆನಪಾಗಿ ತೆಗೆದು ಓದಿದೆವು. ಎರಡೂ ಕಣ್ಣಿನ ಆಪ್ಟಿಕ್ ಅಟ್ರೋಫಿ ಅಂತ ಇತ್ತು. ಅಂದರೆ ಕಣ್ಣಿನಿಂದ ಮಿದುಳಿಗೆ ಹೋಗುವ ನರ ಸತ್ತಿದೆ ಅಂತ. 'ಕಾರಣ' ಅಂತ ಅಚ್ಚಾಗಿದ್ದ ಕಡೆ ಪೆನ್ನಿನಲ್ಲಿ ಒಂದು ಅಡ್ಡಗೆರೆ ಎಳೆದಿದ್ದರು. ಇಷ್ಟೆಲ್ಲಾ ಬರೆಯುತ್ತಿರುವುದು ಆ ಅಡ್ಡಗೆರೆಯ ಸಲುವಾಗಿ.

ಕಾರಣ ಗೊತ್ತಿರಲಿಲ್ಲವೇ? ನಮ್ಮ ಪಠ್ಯಪುಸ್ತಕದಲ್ಲೇ ಇತ್ತು. ಉಳ್ಳವರು ಬಾರಿನಲ್ಲಿ ಕುಡಿಯುವುದು ಈಥೈಲ್ ಆಲ್ಕೋಹಾಲ್. ನಮ್ಮವರ ಲೋಟಕ್ಕೆ ಬಿದ್ದದ್ದು ಮೀಥೈಲ್ ಆಲ್ಕೋಹಾಲ್. ಬಣ್ಣ ಒಂದೇ, ವಾಸನೆ ಹೆಚ್ಚುಕಮ್ಮಿ ಒಂದೇ, ಅಮಲೂ ಬರುತ್ತದೆ. ಇರುವ ವ್ಯತ್ಯಾಸ ಒಂದು ಇಂಗಾಲದ ಪರಮಾಣು. ಪ್ಲೈವುಡ್ಡಿನ ಅಂಟಿಗೆ, ಫಾರ್ಮಾಲಿನ್ನಿಗೆ, ಬಣ್ಣದ ಥಿನ್ನರಿಗೆ, ವಾರ್ನಿಷ್‌ಗೆ ಬೇಕಾದ ಸರಕು ಅದು. ಕುಡಿಯುವ ಸ್ಪಿರಿಟ್ಟಿಗಿಂತ ಅಗ್ಗ. ಅಗ್ಗವಾದ್ದು ಎಲ್ಲಿಗೆ ಹರಿಯುತ್ತದೆ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹೊಟ್ಟೆಗೆ ಹೋದ ಮೀಥೈಲ್ ತಾನಾಗಿ ಅಂಥ ವಿಷವಲ್ಲ. ನಮ್ಮ ಪಿತ್ತಜನಕಾಂಗವೇ ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಮಾಡಿ, ಆಮೇಲೆ ಫಾರ್ಮಿಕ್ ಆಮ್ಲ ಮಾಡುತ್ತದೆ. ಕೆಂಪಿರುವೆ ಕಚ್ಚಿದಾಗ ಉರಿಯುತ್ತದಲ್ಲ, ಅದೇ ಆಮ್ಲ. ಅದು ಜೀವಕೋಶದ ಉಸಿರನ್ನು ಕಟ್ಟುತ್ತದೆ. ಆಮ್ಲಜನಕ ಒಳಗಿದ್ದರೂ ಕೋಶ ಅದನ್ನು ಬಳಸಲಾರದು. ಹೆಚ್ಚು ಉಸಿರು ಬೇಡುವ ಕಣ್ಣಿನ ನರ ಮೊದಲು ಸಾಯುತ್ತದೆ. ಇದಕ್ಕೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಬೇಕು, ಒಮ್ಮೊಮ್ಮೆ ಇನ್ನೂ ಹೆಚ್ಚು. ಆದ್ದರಿಂದಲೇ ಕುಡಿದವನು ಮೊದಲ ರಾತ್ರಿ ಚೆನ್ನಾಗೇ ಇರುತ್ತಾನೆ. ಶುದ್ಧ ಮೀಥೈಲ್ ಹತ್ತು ಮಿಲಿಲೀಟರ್, ಎರಡು ಚಮಚ, ಕಣ್ಣು ತೆಗೆಯಲು ಸಾಕಾಗಬಹುದು. ಮೂವತ್ತು ಮಿಲಿಲೀಟರ್ ಜೀವ ತೆಗೆಯಲು ಸಾಕಾಗಬಹುದು.

ಇದು ನಿನ್ನೆ ಮೊನ್ನೆ ಗೊತ್ತಾದದ್ದಲ್ಲ. 1904ರಲ್ಲೇ ಫ್ರಾಂಕ್ ಬುಲ್ಲರ್ ಮತ್ತು ಕೇಸಿ ವುಡ್ ಎಂಬ ಇಬ್ಬರು ಕಣ್ಣಿನ ವೈದ್ಯರು ಮರದ ಮದ್ಯಸಾರದಿಂದ ಸತ್ತವರ, ಕುರುಡಾದವರ ಇನ್ನೂರಕ್ಕೂ ಹೆಚ್ಚು ಪ್ರಕರಣಗಳನ್ನು ಒಟ್ಟುಮಾಡಿ ಅಚ್ಚು ಹಾಕಿಸಿದರು. 1940ರ ದಶಕದಲ್ಲಿ ನಾರ್ವೆಯ ವೈದ್ಯ ಓಲುಫ್ ರೋ, ರಕ್ತ ಆಮ್ಲವಾಗುವುದಕ್ಕೂ ಕಣ್ಣು ಹೋಗುವುದಕ್ಕೂ ಇರುವ ಸಂಬಂಧ ಬರೆದರು, ಚಿಕಿತ್ಸೆಯ ದಾರಿಯನ್ನೂ ಬರೆದರು. 1951ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಮೀಥೈಲ್ ಬೆರೆತ ವಿಸ್ಕಿ ಕುಡಿದ 323 ಜನರ ಮೇಲೆ ದೊಡ್ಡ ಅಧ್ಯಯನ ನಡೆಯಿತು. 41 ಜನ ಸತ್ತಿದ್ದರು. ಕುಡಿದವರಲ್ಲಿ ಹೆಚ್ಚಿನವರು ಯಾರು ಗೊತ್ತೇ? ಕಪ್ಪುಜನ. ಕಳ್ಳಸಾರಾಯಿಗೆ ದೇಶ ಬೇರೆಯಾದರೂ ಕೇರಿಯ ದಾರಿ ಮರೆಯುವುದಿಲ್ಲ.

ಒಂದು ವಿಚಿತ್ರವನ್ನೂ ಕೇಳಿ. ಬಹಳ ವರ್ಷ ವಿಜ್ಞಾನಿಗಳು ಇಲಿಗಳಿಗೆ ಮೀಥೈಲ್ ಕುಡಿಸಿ ನೋಡಿದರು. ಇಲಿ ಕುರುಡಾಗಲಿಲ್ಲ. ಇಲಿಯ ದೇಹ ಆ ಆಮ್ಲವನ್ನು ಬೇಗ ಹೊರಹಾಕುತ್ತದೆ, ಮನುಷ್ಯನ ದೇಹಕ್ಕೆ ಅಷ್ಟು ಬೇಗ ಆಗುವುದಿಲ್ಲ. 1970ರ ದಶಕದಲ್ಲಿ ಮಂಗಗಳ ಮೇಲೆ ಪ್ರಯೋಗ ಮಾಡಿದ ಮೇಲೆ ವಿಷ ಮಾಡುವುದು ಫಾರ್ಮಿಕ್ ಆಮ್ಲವೇ ಅಂತ ಖಚಿತವಾಯಿತು. ಆಮ್ಲವನ್ನು ಹೊರಹಾಕುವ ಕೆಲಸಕ್ಕೆ ಫೋಲೇಟ್ ಎಂಬ ಜೀವಸತ್ವ ಬೇಕು. ಸೊಪ್ಪು, ಕಾಳುಗಳಲ್ಲಿ ಇರುವಂಥದ್ದು. ಅದನ್ನು ತಿನ್ನಿಸದೆ ಬೆಳೆಸಿದರೆ ಇಲಿಗೂ ವಿಷ ಏರುತ್ತದೆ. ಹಾಗಾದರೆ ಮುದ್ದೆ ಮೆಣಸಿನಕಾಯಿಯಲ್ಲಿ ದಿನ ದೂಡುವ ಕೂಲಿಯವನ ಮೈಯಲ್ಲಿ ಎಷ್ಟಿದೆ ಈ ಫೋಲೇಟ್? ಪ್ರಯೋಗಾಲಯದ ಇಲಿಯ ತಟ್ಟೆಯಲ್ಲಿ ಏನಿತ್ತು ಅಂತ ತೂಕ ಹಾಕಿ ಬರೆದಿಟ್ಟಿದ್ದಾರೆ. ನಮ್ಮ ದೊಡ್ಡಪ್ಪನ ತಟ್ಟೆಯಲ್ಲಿ ಏನಿತ್ತು ಅಂತ ಯಾರೂ ಕೇಳಲಿಲ್ಲ.

ಇನ್ನು ಈ ವಿಷ ಮದ್ಯದ ಹತ್ತಿರ ಬಂದದ್ದು ಹೇಗೆ? ಇದರ ಮೂಲ ಕಳ್ಳಭಟ್ಟಿಯವನಲ್ಲ, ಖಜಾನೆ. ಕುಡಿಯುವ ಮದ್ಯಕ್ಕೆ ತೆರಿಗೆ ಹಾಕಿದ ಸರ್ಕಾರಗಳಿಗೆ ಒಂದು ಚಿಂತೆ ಹತ್ತಿತು. ಕಾರ್ಖಾನೆಗೆ ತೆರಿಗೆಯಿಲ್ಲದೆ ಕೊಟ್ಟ ಸ್ಪಿರಿಟ್ಟನ್ನು ಬಡವರು ಕುಡಿದುಬಿಟ್ಟರೆ? ಬ್ರಿಟನ್ 1855ರಲ್ಲಿ ಕಾಯ್ದೆ ಮಾಡಿ ಆ ಸ್ಪಿರಿಟ್ಟಿಗೆ ಮರದ ಮದ್ಯಸಾರ ಬೆರೆಸಿತು. ಮೀಥೈಲೇಟೆಡ್ ಸ್ಪಿರಿಟ್ ಹುಟ್ಟಿದ್ದು ಹಾಗೆ. ಅಮೆರಿಕ ಪಾನನಿಷೇಧದ ಕಾಲದಲ್ಲಿ, 1926-27ರಲ್ಲಿ, ಕೈಗಾರಿಕಾ ಸ್ಪಿರಿಟ್ಟಿಗೆ ಇನ್ನೂ ಹೆಚ್ಚು ಮೀಥೈಲ್ ಸುರಿಯಿತು. ಜನ ಕುಡಿಯುತ್ತಾರೆ ಅಂತ ಗೊತ್ತಿದ್ದೇ ಸುರಿಯಿತು. ನ್ಯೂಯಾರ್ಕ್ ನಗರದ ಮುಖ್ಯ ಶವಪರೀಕ್ಷಕ ಚಾರ್ಲ್ಸ್ ನಾರಿಸ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಸಾಯುತ್ತಿರುವವರು ಒಳ್ಳೆಯ ಮದ್ಯ ಕೊಳ್ಳಲಾಗದ ಬಡವರು ಅಂತ ಹೇಳಿದರು. ತೆರಿಗೆಯ ಗಡಿ ಕಾಯಲು ವಿಷವನ್ನು ಕಾವಲಿಗೆ ನಿಲ್ಲಿಸಿದ್ದು ಸರ್ಕಾರಗಳೇ. ಕಳ್ಳಭಟ್ಟಿಯವನು ಆಮೇಲೆ ಬಂದ.

ನಮ್ಮಲ್ಲೂ ಅಷ್ಟೆ. ವರ್ಷವರ್ಷ ಸಾರಾಯಿ ಹರಾಜು ಹಾಕಿ ಕೇರಿಯ ದುಡಿಮೆಯನ್ನು ಬೊಕ್ಕಸಕ್ಕೆ ಬಸಿದುಕೊಂಡ ಸರ್ಕಾರ, 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ನಿಲ್ಲಿಸಿದ್ದಕ್ಕೆ ನಮ್ಮ ಹೆಂಗಸರು ಸಂತೋಷಪಟ್ಟರು, ನಾವೂ ತಪ್ಪು ಅನ್ನುವುದಿಲ್ಲ. ಆದರೆ ತಲೆಮಾರುಗಳಿಂದ ಕುಡಿತ ಹತ್ತಿಸಿದ ಮೈಗಳನ್ನು ಬಿಡಿಸಲು ಏನು ಮಾಡಿದರು? ಎಷ್ಟು ತಾಲ್ಲೂಕಿನಲ್ಲಿ ಚಿಕಿತ್ಸಾ ಕೇಂದ್ರ ತೆರೆದರು? ದುಬಾರಿ ಬಾಟಲಿ ಕೊಳ್ಳಲಾಗದವನು ಎಲ್ಲಿಗೆ ಹೋಗುತ್ತಾನೆ ಅಂತ ಯೋಚಿಸಿದರೇ? ಹನ್ನೊಂದು ತಿಂಗಳು ತುಂಬುವುದರೊಳಗೆ, 2008ರ ಮೇ ತಿಂಗಳಲ್ಲಿ, ಉತ್ತರ ಬಂತು.

2024ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ದೊಡ್ಡ ತೀರ್ಪು ಕೊಟ್ಟಿತು. ಕೈಗಾರಿಕಾ ಮದ್ಯಸಾರವನ್ನು ನಿಯಂತ್ರಿಸುವ, ಅದಕ್ಕೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದ್ದು ಅಂತ ಎಂಟು ಜನ ಹೇಳಿದರು, ಒಬ್ಬರು ಒಪ್ಪಲಿಲ್ಲ. ಕೇಂದ್ರಕ್ಕೂ ರಾಜ್ಯಗಳಿಗೂ ದಶಕಗಳಿಂದ ನಡೆದ ಜಗಳ ಮುಗಿಯಿತು. ಸರಿ ಸ್ವಾಮಿ, ಅಧಿಕಾರ ನಿಮ್ಮದು ಅಂತಾಯ್ತು. ಸ್ಪಿರಿಟ್ಟಿನ ಪ್ರತಿ ಲೀಟರಿನ ಮೇಲೂ ನಿಮ್ಮ ಕೈ ಇದೆ ಅಂತಾಯ್ತು. ಹಾಗಾದರೆ ಆ ಲೀಟರಿನಿಂದ ಹೋದ ಕಣ್ಣಿನ ಹೊಣೆ ಯಾರದು? ತೆರಿಗೆಗೆ ಒಡೆಯರಾಗಿ ಕುರುಡಿಗೆ ಪರಕೀಯರಾಗುವುದು ಯಾವ ಸಂವಿಧಾನದಲ್ಲಿದೆ?

ಇದಕ್ಕೆ ಮದ್ದಿಲ್ಲವೇ? ಇದೆ. ಬೇಗ ಬಂದರೆ ಜೀವವನ್ನೂ ಉಳಿಸಬಹುದು, ಕಣ್ಣನ್ನೂ ಉಳಿಸಬಹುದು. ಕುಡಿಯುವ ಈಥೈಲ್ ಆಲ್ಕೋಹಾಲನ್ನೇ ವೈದ್ಯರು ಅಳತೆಯಿಂದ ಕೊಟ್ಟರೆ ಪಿತ್ತಜನಕಾಂಗ ಅದರ ಕೆಲಸದಲ್ಲಿ ತೊಡಗಿ ಮೀಥೈಲನ್ನು ಆಮ್ಲ ಮಾಡುವುದನ್ನು ನಿಲ್ಲಿಸುತ್ತದೆ. ಅಡುಗೆ ಸೋಡಾದ ಜಾತಿಯ ಬೈಕಾರ್ಬೊನೇಟ್ ರಕ್ತದ ಆಮ್ಲ ಇಳಿಸುತ್ತದೆ. ಫೋಲಿನಿಕ್ ಆಮ್ಲ ಕೊಡುತ್ತಾರೆ. ವಿಷ ಹೆಚ್ಚಿದ್ದರೆ ಡಯಾಲಿಸಿಸ್. ಫೋಮೆಪಿಜೋಲ್ ಅಂತ ಇನ್ನೂ ಸುಲಭವಾದ ಮದ್ದಿದೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಿಮ್ಮ ತಾಲ್ಲೂಕಿನ ಆಸ್ಪತ್ರೆಗೆ ಹೋಗಿ ಆ ಹೆಸರು ಹೇಳಿ, ಕಪಾಟು ತೆರೆಸಿ ನೋಡಿ. ಬೈಕಾರ್ಬೊನೇಟ್ ಎಷ್ಟಿದೆ ಕೇಳಿ. ರಾತ್ರಿ ಹತ್ತಕ್ಕೆ ಡಯಾಲಿಸಿಸ್ ನಡೆಸುವವರು ಯಾರಿದ್ದಾರೆ ಕೇಳಿ. ಗೊತ್ತಿರುವ ವಿಷ, ಗೊತ್ತಿರುವ ಮದ್ದು. ನಡುವೆ ಇಪ್ಪತ್ತನಾಲ್ಕು ಗಂಟೆ ಮತ್ತು ಒಂದು ಬಸ್ ಚಾರ್ಜು. ಇದರಲ್ಲಿ ಕಣ್ಣು ಹೋದರೆ ಅದನ್ನು ಆಕಸ್ಮಿಕ ಅನ್ನಲು ನಾವು ಸಿದ್ಧರಿಲ್ಲ.

ಬೇರೆ ದೇಶದಲ್ಲಿ ಹೇಗೆ ನಡೆಯಿತು ನೋಡಿ. 2012ರ ಸೆಪ್ಟೆಂಬರಿನಲ್ಲಿ ಚೆಕ್ ದೇಶದಲ್ಲಿ ಇದೇ ಮೀಥೈಲ್ ಅಂಗಡಿ ಬಾಟಲಿಗಳಿಗೆ ನುಗ್ಗಿತು. ಸಾವು ಇಪ್ಪತ್ತರ ಆಸುಪಾಸಿನಲ್ಲಿ ಇರುವಾಗಲೇ ಸರ್ಕಾರ ಇಡೀ ದೇಶದಲ್ಲಿ ಗಟ್ಟಿ ಮದ್ಯದ ಮಾರಾಟ ನಿಲ್ಲಿಸಿತು. ಆಸ್ಪತ್ರೆಯ ದಾರಿಯಲ್ಲೇ ಅಳತೆಯ ಈಥೈಲ್ ಕೊಟ್ಟವರಲ್ಲಿ ಸಾವು ಕಡಿಮೆ ಅಂತ ಅಲ್ಲಿನ ವೈದ್ಯರು ಕಂಡುಕೊಂಡರು. ಅಲ್ಲಿಗೇ ಬಿಡಲಿಲ್ಲ. ಬದುಕಿದವರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಕರೆಸಿ ಕಣ್ಣಿನ ನರದ ದಪ್ಪ ಅಳೆದರು. ಕೆಲವರ ನರ ವಿಷ ಇಳಿದು ವರ್ಷಗಳಾದ ಮೇಲೂ ತೆಳುವಾಗುತ್ತಲೇ ಇತ್ತು. ಎಸ್ಟೋನಿಯಾದ ಪರ್ನು ಪಟ್ಟಣದಲ್ಲಿ 2001ರಲ್ಲಿ 68 ಜನ ಸತ್ತರು. ಆರು ವರ್ಷದ ನಂತರ ವೈದ್ಯರು ಉಳಿದವರನ್ನು ಹುಡುಕಿಕೊಂಡು ಹೋದರು, ಬದುಕಿದ್ದಾರಾ, ಕಾಣುತ್ತದಾ ಅಂತ. ನಮ್ಮ ಕೇರಿಗೆ ಆರು ವರ್ಷಕ್ಕೂ ಯಾರೂ ಬರಲಿಲ್ಲ, ಹದಿನಾರು ವರ್ಷಕ್ಕೂ ಬರಲಿಲ್ಲ. ದೊಡ್ಡಪ್ಪನಿಗೆ ಮೊದಲು ಬೆಳಕು ಮಸುಕಾಗಿಯಾದರೂ ತಿಳಿಯುತ್ತಿತ್ತು, ಈಗ ಅದೂ ಇಲ್ಲ. ಅವನ ನರವೂ ಸವೆಯುತ್ತಾ ಬಂತೇ? ಅಳೆದವರಿಲ್ಲ.

1976ರಿಂದ ನಮ್ಮ ದೇಶದಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಇದೆ. ಪೊರೆ ತೆಗೆಯುವ ಕ್ಯಾಂಪುಗಳಿಂದ ನಮ್ಮ ಅಜ್ಜಿಯರಿಗೆ ಕಣ್ಣು ಬಂದಿದೆ, ಅದನ್ನು ಮರೆಯುವುದಿಲ್ಲ. ಆದರೆ ಅಂಧರನ್ನು ಎಣಿಸುವ ತ್ವರಿತ ಸಮೀಕ್ಷೆಗಳು ಮುಖ್ಯವಾಗಿ ಐವತ್ತು ದಾಟಿದವರ ಬಾಗಿಲು ತಟ್ಟುತ್ತವೆ. ಮೀಥೈಲ್ ಕಣ್ಣು ತೆಗೆಯುವುದು ದುಡಿಯುವ ವಯಸ್ಸಿನವರದ್ದು. ಐವತ್ತು ದಾಟಿ ಸಿಕ್ಕರೂ ಪೊರೆಗೆ ಒಂದು ಕಾಲಂ, ಗ್ಲಾಕೋಮಾಗೆ ಒಂದು ಕಾಲಂ, ನಮ್ಮ ದೊಡ್ಡಪ್ಪನಿಗೆ 'ಕಣ್ಣಿನ ಹಿಂಭಾಗದ ಇತರೆ ರೋಗ'. ಜಾತಿಯ ಊರಿನಲ್ಲಿ ಇತರೆ ಆಗಿದ್ದವರು ರೋಗದ ಪಟ್ಟಿಯಲ್ಲೂ ಇತರೆ.

ಪರಿಹಾರದ ಲೆಕ್ಕ ಇನ್ನೂ ಸ್ಪಷ್ಟ. ಕಲ್ಲಕುರಿಚಿಯಲ್ಲಿ ಸಾವುಗಳು ಹೆಚ್ಚಾಗಿ ನಡೆದದ್ದು ಕರುಣಾಪುರಂನಲ್ಲಿ, ಬಹುಪಾಲು ದಲಿತರ ಕಾಲೋನಿ. ಸತ್ತವರ ಮನೆಗೆ ಸರ್ಕಾರ 10 ಲಕ್ಷ ರೂಪಾಯಿ ಘೋಷಿಸಿತು. ಆಸ್ಪತ್ರೆಯಲ್ಲಿ ಚಿಕಿತ್ಸೆಯಲ್ಲಿದ್ದವರಿಗೆ 50 ಸಾವಿರ. ಸತ್ತವರ ಹೆಂಡಿರು ಮಕ್ಕಳಿಗೆ ಆ ಹಣ ಸಿಗಬಾರದು ಅಂತ ನಾವು ಹೇಳುವುದಿಲ್ಲ. ಆದರೆ ಕೂಲಿಯವನ ಎರಡು ಕಣ್ಣು, ಮುಂದಿನ ಮೂವತ್ತು ವರ್ಷದ ದುಡಿಮೆ, ಅವನನ್ನು ನೋಡಿಕೊಳ್ಳಲು ಕೂಲಿ ಬಿಟ್ಟು ಮನೆಯಲ್ಲಿ ಕೂತ ಹೆಂಡತಿಯ ದುಡಿಮೆ, ಶಾಲೆ ಬಿಟ್ಟ ಮಗನ ದುಡಿಮೆ, ಎಲ್ಲಕ್ಕೂ ಸೇರಿ 50 ಸಾವಿರವೇ? ನಮ್ಮ ದೊಡ್ಡಮ್ಮ ಒಂದು ಸಲ ಅಂದದ್ದು ಬರೆಯಲು ಕೈ ನಡುಗುತ್ತದೆ. 'ಅವತ್ತೇ ಹೋಗಿದ್ರೆ ಒಂದು ಲೆಕ್ಕಕ್ಕಾದ್ರೂ ಸೇರ್ತಿದ್ದ.' ಹದಿನೇಳು ವರ್ಷ ಅನ್ನ ಕಲಸಿ ಕೈಗಿಟ್ಟವಳ ಮಾತು ಇದು. ಆಕೆಯ ಬಾಯಲ್ಲಿ ಇದನ್ನು ಆಡಿಸಿದವರು ಯಾರು?

'ಕುಡಿದ, ಅನುಭವಿಸಲಿ' ಅನ್ನುವವರಿದ್ದಾರೆ. ಮಠದಲ್ಲಿದ್ದಾರೆ, ಪತ್ರಿಕೆಯಲ್ಲಿದ್ದಾರೆ, ನಮ್ಮ ಕಾಲೇಜಿನ ಸ್ಟಾಫ್‌ರೂಮಿನಲ್ಲೂ ಇದ್ದಾರೆ. ಸ್ವಾಮಿ, ನೀವೂ ಕುಡೀತೀರಿ. ನಿಮ್ಮ ಬಾಟಲಿಯ ಮೇಲೆ ಸರ್ಕಾರದ ಮೊಹರು ಇದೆ, ಅದಕ್ಕೇ ಬೆಳಿಗ್ಗೆ ಎದ್ದು ಪೇಪರು ಓದ್ತೀರಿ. ಕುಡಿತ ಪಾಪವಾದರೆ ಶಿಕ್ಷೆ ಇಬ್ಬರಿಗೂ ಸಮ ಇರಬೇಕಿತ್ತು. ಒಬ್ಬನಿಗೆ ತಲೆನೋವು, ಇನ್ನೊಬ್ಬನಿಗೆ ಶಾಶ್ವತ ಕತ್ತಲು ಅಂದರೆ ಅದು ಪಾಪಪುಣ್ಯದ ಮಾತಲ್ಲ, ಅಂಗಡಿ ಯಾರಿಗೆ ಏನು ಮಾರುತ್ತದೆ ಅನ್ನುವ ಮಾತು. ನಾವು ಕುಡಿತದ ಪರ ವಕಾಲತ್ತು ಹಾಕುತ್ತಿಲ್ಲ. ಹೆಂಡ ನಮ್ಮ ಮನೆಗಳನ್ನು ತಿಂದದ್ದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕುಡಿತ ಬಿಡಿಸುವ ಹೋರಾಟ ನಮ್ಮದೇ. ಆದರೆ ಕುಡುಕ ಅನ್ನುವ ಒಂದು ಮಾತಿನಿಂದ ಒಬ್ಬ ಮನುಷ್ಯನ ಕಣ್ಣಿನ ಖಾತೆ ಮುಚ್ಚಲು ಬಿಡುವುದಿಲ್ಲ.

ಬೇರೆಯವರನ್ನು ಮಾತ್ರ ಬೈದು ಕೈತೊಳೆದುಕೊಂಡರೆ ಅದು ಬಂಡಾಯವಲ್ಲ. ನಾವೂ ತಪ್ಪು ಮಾಡಿದ್ದೇವೆ. ಸತ್ತವರ ಮೇಲೆ ನಾವು ಪದ್ಯ ಬರೆದೆವು, ವೇದಿಕೆಯಲ್ಲಿ ಓದಿದೆವು, ಚಪ್ಪಾಳೆ ತೆಗೆದುಕೊಂಡೆವು. ಜಗಲಿಯ ಮೇಲೆ ಕೂತ ದೊಡ್ಡಪ್ಪ ನಮ್ಮ ಪದ್ಯದಲ್ಲಿ ಬರಲಿಲ್ಲ, ಯಾಕೆಂದರೆ ಅವನು ಕುಡಿದು ಕಣ್ಣು ಕಳಕೊಂಡವನು, ನಮಗೆ ನಾಚಿಕೆ. ಕಾಲೇಜಿನಲ್ಲಿ ಗೆಳೆಯರು ಕೇಳಿದರೆ 'ಪೊರೆ ಬಂದು ಹೋಯ್ತು' ಅಂತ ಸುಳ್ಳು ಹೇಳಿದೆವು. ಚೀಟಿಯಲ್ಲಿ ಅವರು ಎಳೆದ ಅಡ್ಡಗೆರೆಯನ್ನು ನಾವು ಬಾಯಲ್ಲಿ ಎಳೆದೆವು.

ಈಗ ಅದನ್ನು ಅಳಿಸಬೇಕು. ಗೆಳೆಯರೇ, ಹಳ್ಳಿಯ ಮೇಷ್ಟರುಗಳೇ, ಹಾಸ್ಟೆಲಿನ ತಮ್ಮಂದಿರೇ ತಂಗಿಯರೇ, ಕೆಲಸ ದೊಡ್ಡದಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ನಿಮ್ಮ ಕೇರಿಗೆ, ಕಾಲೋನಿಗೆ, ಹಟ್ಟಿಗೆ ಹೋಗಿ. ಕುಡಿದ ಮಾರನೇ ದಿನ ಕಣ್ಣು ಹೋದವರು ಯಾರಿದ್ದಾರೆ ಕೇಳಿ. ಯಾವ ವರ್ಷ, ಆಗ ಎಷ್ಟು ವಯಸ್ಸು, ಎಷ್ಟು ಗಂಟೆಗೆ ಆಸ್ಪತ್ರೆ ಮುಟ್ಟಿದರು, ಅಲ್ಲಿ ಏನು ಕೊಟ್ಟರು, ಚೀಟಿಯಲ್ಲಿ ಕಾರಣ ಬರೆದಿದ್ದಾರಾ, ಅಂಗವಿಕಲರ ಸರ್ಟಿಫಿಕೇಟು ಪಿಂಚಣಿ ಬಂತಾ, ಮನೆಯಲ್ಲಿ ಯಾರು ಶಾಲೆ ಬಿಟ್ಟರು, ಬರೆದುಕೊಳ್ಳಿ. ಅವರ ಒಪ್ಪಿಗೆ ಕೇಳಿ, ಮರ್ಯಾದೆಯಿಂದ ಕೇಳಿ, ಬುದ್ಧಿ ಹೇಳಲು ಹೋಗಬೇಡಿ. ಆ ಪಟ್ಟಿ ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋಗೋಣ, ಇವರ ಕಣ್ಣಿನ ನರ ಅಳೆಯಿರಿ ಅನ್ನೋಣ. ಜಿಲ್ಲಾಧಿಕಾರಿ ಹತ್ತಿರ ಹೋಗೋಣ, ಸತ್ತವನ ಸಮ ಇವನಿಗೂ ಪರಿಹಾರ ಬರೆಯಿರಿ ಅನ್ನೋಣ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮದ್ದಿನ ದಾಸ್ತಾನು ಇರುವ ತನಕ ಬಾಗಿಲಲ್ಲಿ ಕೂರೋಣ.

ಇನ್ನೊಂದನ್ನು ಪ್ರತಿ ಶಾಲೆಯ ಹಲಗೆಯ ಮೇಲೆ ಬರೆಯಿರಿ. ಮನೆಯಲ್ಲಿ ಕುಡಿದ ಯಾರಿಗಾದರೂ ಅಮಲು ಇಳಿದ ಮೇಲೆ ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣು ಮಂಜು ಬಂದರೆ 'ಮಲಗಲಿ, ಸರಿಹೋಗುತ್ತೆ' ಅನ್ನಬೇಡಿ. ಮನೆಯಲ್ಲಿ ಯಾವ ಮದ್ದೂ ಮಾಡಬೇಡಿ, ಮತ್ತೆ ಕುಡಿಸಲೂ ಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಕುಡಿದದ್ದನ್ನು ಮುಚ್ಚಿಡದೆ ಹೇಳಿ. ಉಳಿದ ಬಾಟಲಿ ಇದ್ದರೆ ಜೊತೆಗೆ ಒಯ್ಯಿರಿ. ಅದೇ ಜಾಗದಲ್ಲಿ ಕುಡಿದ ಇತರರನ್ನೂ, ಈಗ ಚೆನ್ನಾಗಿದ್ದರೂ ಸರಿ, ಎಬ್ಬಿಸಿ ಕರೆದುಕೊಂಡು ಹೋಗಿ. 2008ರಲ್ಲಿ ಇಷ್ಟು ಮಾತು ನಮ್ಮ ಕೇರಿಗೆ ಗೊತ್ತಿದ್ದಿದ್ದರೆ ಮೂರು ಮನೆಯ ಕತೆ ಬೇರೆ ಆಗಬಹುದಿತ್ತು.

ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡಪ್ಪನ ಹೆಸರು ಬರೆದಿದ್ದೇವೆ. ಅವನ ಎದುರೇ ಕೂತು, ಅವನು ಹೇಳಿದ ಹಾಗೆ ಬರೆದೆವು. ಕಾರಣ ಅನ್ನುವ ಕಡೆ ಮೀಥೈಲ್ ಆಲ್ಕೋಹಾಲ್ ಅಂತ ಬರೆದು ಓದಿ ಹೇಳಿದೆವು. ಇನ್ನೊಂದು ಸಲ ಓದು ಅಂದ. ಓದಿದೆವು. 'ಇದಕ್ಕೊಂದು ಹೆಸರು ಇತ್ತಾ?' ಅಂತ ಕೇಳಿದ.

ಇತ್ತು ದೊಡ್ಡಪ್ಪ. ನಿನ್ನನ್ನು ಆಸ್ಪತ್ರೆಯಿಂದ ಕಳಿಸಿದವರಿಗೂ ಗೊತ್ತಿತ್ತು. ಬರೆಯಲಿಲ್ಲ ಅಷ್ಟೆ. ಎರಡನೇ ಪುಟ ಖಾಲಿ ಇದೆ. ಪಕ್ಕದ ಊರಿಗೆ ನಾಳೆ ಹೊರಡುತ್ತೇವೆ.